ಬೆನ್ನಿನ ಬುರುಡೆ, ಎದೆಯ ಬೆಂಡು

ನರಸಿಂಹರಾಜಪುರದ ಓದುಗಿಯೊಬ್ಬರು ಕೇಳಿದ್ದಾರೆ: “ಮಗ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದಿದ್ದಾನೆ. ಅಲ್ಲಿ ಹಾಕಿದ್ದಂಥ ಜಾಕೆಟ್ಟೇ ಬೇಕಂತೆ, ಭದ್ರಾ ಹಿನ್ನೀರಿನಲ್ಲಿ ತೆಪ್ಪಕ್ಕೂ ಆಗ್ತದೆ ಅಂತ ಹಟ. ಕೊಡಿಸಲೇ?”

ಡೈವಿಂಗ್‌ಗೆ ಬೇಕಾದರೆ ಕೊಡಿಸಿ ತಾಯಿ, ತೆಪ್ಪಕ್ಕೆ ಮಾತ್ರ ಬೇಡ. ಎರಡೂ ಜಾಕೆಟ್ ನೋಡಲಿಕ್ಕೆ ಅಕ್ಕತಂಗಿಯರ ಹಾಗಿದ್ದರೂ ಕೆಲಸ ಬೇರೆ ಬೇರೆ.

ಡೈವಿಂಗ್ ಜಾಕೆಟ್ಟಿನೊಳಗೆ ಗಾಳಿಯ ಚೀಲವಿರುತ್ತದೆ. ಸಿಲಿಂಡರಿನಿಂದ ಗಾಳಿ ತುಂಬಿದರೆ ಮೇಲೆ, ಬಿಟ್ಟರೆ ಕೆಳಗೆ. ಬೇಕಾದ ಆಳದಲ್ಲಿ ಮೀನಿನಂತೆ ನಿಲ್ಲುವುದಕ್ಕೆ ಇದು. ಇನ್ನೂ ಆಳಕ್ಕೆ, ಎರಡು ಸಿಲಿಂಡರ್ ಹೊತ್ತು ಇಳಿಯುವವರು ಗಾಳಿಚೀಲವನ್ನು ಪೂರಾ ಬೆನ್ನಿಗೇ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ‘ವಿಂಗ್’ ಎಂದು ಹೆಸರು. ದೊಡ್ಡದು ಕೊಂಡರೆ ಕ್ಷೇಮ ಅನ್ನುವುದೂ ತಪ್ಪು, ಹೊತ್ತ ಭಾರಕ್ಕೆ ತಕ್ಕಷ್ಟೇ ಇರಬೇಕು. ನೀರೊಳಗೆ ಬೋರಲಾಗಿ ಈಜಲು ವಿಂಗ್ ಬಲು ಅನುಕೂಲ. ಆದರೆ ಮೇಲೆ ಬಂದಾಗ ಅದು ಮುಖವನ್ನು ಮುಂದಕ್ಕೆ ದೂಡುತ್ತದೆ. ಹಿಂದೆಲ್ಲ ಮಕ್ಕಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರಲ್ಲ, ಅದೇ ಲೆಕ್ಕ. ಕೈಕಾಲು ಬಡಿಯುವವನಿಗೆ ಸರಿ. ಎಚ್ಚರ ತಪ್ಪಿದರೆ ಮೂಗು ನೀರಿನಲ್ಲೇ!

ತೆಪ್ಪಕ್ಕೆ, ದೋಣಿಗೆ ಬೇಕಾದದ್ದು ಲೈಫ್ ಜಾಕೆಟ್. ಅದರ ಬೆಂಡು ಹೆಚ್ಚಾಗಿ ಎದೆಯ ಮೇಲಿರುತ್ತದೆ, ಕೊರಳ ಹಿಂದೆ ದಪ್ಪ ಕಾಲರ್. ಬಿದ್ದವರನ್ನು ಅಂಗಾತ ತೇಲಿಸುವಂತೆ ಹೊಲಿದಿರುತ್ತಾರೆ. ಹಿಂದೆ ಇದಕ್ಕೂ ಬೂರುಗದ ಹತ್ತಿಯನ್ನೇ ತುಂಬುತ್ತಿದ್ದರು, ನಮ್ಮ ದಿಂಬಿಗೆ ತುಂಬುವ ಹಾಗೆ! ಈಗ ಫೋಮ್.

ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಒಳಗಿನ ಚೀಟಿ ಓದಿ. 50 ನ್ಯೂಟನ್ ಅಂತಿದ್ದರೆ ಅದು ಈಜು ಬಲ್ಲವರಿಗೆ, ಅದೂ ದಡದ ಹತ್ತಿರ. ಈಜು ಬಾರದ ದೊಡ್ಡವರಿಗೆ 100 ಇರಲಿ, ಅಂದರೆ ಸುಮಾರು 10 ಕಿಲೋ ಎತ್ತುವ ಬಲ. ಮಕ್ಕಳದ್ದನ್ನು ಅವರ ತೂಕ ನೋಡಿಯೇ ಕೊಳ್ಳಬೇಕು. ‘ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ’ ಅನ್ನುವ ಲಂಗದ ಲೆಕ್ಕ ಇಲ್ಲಿ ನಡೆಯೋದಿಲ್ಲ. ಪಟ್ಟಿಗಳನ್ನೆಲ್ಲ ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿವರೆಗೆ ಬಂತೋ, ವಾಪಸ್ ಕೊಡಿ. ನೀರಿಗೆ ಬಿದ್ದಾಗಲೂ ಹೀಗೇ ಮೇಲಕ್ಕೆ ಬಂದು ಮಗು ಕೆಳಗೆ ಜಾರುತ್ತದೆ. ಪುಟ್ಟ ಮಕ್ಕಳಿಗೆ ಕಾಲಸಂದಿಯ ಪಟ್ಟಿ ಇರಲೇಬೇಕು. ಊದಿ ತೋಳಿಗೆ ಹಾಕುವ ಬಣ್ಣದ ಬಳೆಗಳು ಬರೀ ಆಟದ ಸಾಮಾನು.

ತಂದಮೇಲೆ ಅದನ್ನು ಮಣೆ ಮಾಡಿಕೊಂಡು ಕೂರಬೇಡಿ, ಫೋಮ್ ಚಪ್ಪಟೆಯಾದರೆ ತೇಲುವ ಶಕ್ತಿಯೂ ಹೋಯಿತು. ಒದ್ದೆಯಾದರೆ ನೆರಳಿನಲ್ಲಿ ಒಣಗಿಸಿ.

ಕೊಪ್ಪ, ಶೃಂಗೇರಿ ಕಡೆಯ ಸೋದರಿಯರು ‘ನಮಗೆಲ್ಲಿಯ ಹಿನ್ನೀರು’ ಅನ್ನಬಹುದು. ತುಂಗೆ ಇದ್ದಾಳಲ್ಲ! ತೋಟದ ಹೊಂಡವಂತೂ ಹಿತ್ತಲಲ್ಲೇ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಎಷ್ಟು ಜಾರುತ್ತದೆಂದರೆ, ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಅದಕ್ಕೊಂದು ಖರ್ಚಿಲ್ಲದ ಉಪಾಯ ಉಂಟು. ಖಾಲಿಯಾದ 5 ಲೀಟರಿನ ಎಣ್ಣೆ ಕ್ಯಾನಿಗೆ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿಯಾಗಿ ತಿರುಗಿಸಿ. ನೀರಿದ್ದರೆ ಎಸೆದಾಗ ದೂರ ಹೋಗುತ್ತದೆ. ಕ್ಯಾನು ತಾನು ತೇಲುವುದಲ್ಲದೆ ನಾಲ್ಕು ಕಿಲೋ ಮೇಲೆಯೇ ಎತ್ತುತ್ತದೆ, ಎದೆಗೆ ಅವಚಿಕೊಂಡರೆ ಬಾಯಿ ನೀರಿನ ಮೇಲಿರಲು ಅಷ್ಟು ಸಾಕು. ಹಿಡಿಗೆ ಉದ್ದನೆಯ ಹಗ್ಗ ಕಟ್ಟಿ ಹೊಂಡದ ಪಕ್ಕದ ಅಡಿಕೆ ಮರಕ್ಕೆ ತೂಗುಹಾಕಿ. ಯಾರಾದರೂ ಬಿದ್ದರೆ ನೀವು ಹಾರಬೇಡಿ. ಕ್ಯಾನು ಎಸೆದು, ಕೂಗಿ, ಎಳೆಯಿರಿ. ಹಗ್ಗದ ಇನ್ನೊಂದು ತುದಿ ಮರಕ್ಕೇ ಕಟ್ಟಿರಲಿ.