ಲೋಕವಿಚಾರ: ಗಾಳಿಗಿಂತ ಮೊದಲು ಬರಬೇಕಾದ ನೆರವು

‘ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಗೃಹಸ್ಥನಾದವನು ಮಳೆಗಾಲ ಕಾಲಿಡುವ ಮೊದಲೇ ಮಾಡಿನ ಹೆಂಚುಗಳನ್ನು ಸರಿಪಡಿಸಿ, ಸೌದೆಯನ್ನು ಒಳಗೆ ಸೇರಿಸಿಡುವನು. ಮನೆಗೆ ಸಲ್ಲುವ ಈ ವಿವೇಕವು ಲೋಕಕ್ಕೂ ಸಲ್ಲಬೇಕಷ್ಟೆ. ಆದರೆ ಬಡದೇಶಗಳಿಗೆ ಸಿರಿವಂತ ದೇಶಗಳು ನೀಡುವ ನೆರವು ಬಹುಮಟ್ಟಿಗೆ ಆಪತ್ತು ಕಳೆದ ಮೇಲೆಯೇ ಬರುವುದು ವಾಡಿಕೆಯಾಗಿದೆ. ಮುಂಚಿತವಾಗಿ ಮಾಡಿದ ಸಣ್ಣ ಏರ್ಪಾಡೂ ಎಷ್ಟು ಜೀವಗಳನ್ನು ಉಳಿಸಬಲ್ಲುದೆಂಬುದಕ್ಕೆ ಬಾಂಗ್ಲಾದೇಶದ ಕರಾವಳಿಯ ವೃತ್ತಾಂತವು ಒಳ್ಳೆಯ ನಿದರ್ಶನ.

ಆ ದೇಶದ ದಕ್ಷಿಣಭಾಗವು ಮಹಾನದಿಗಳು ತಂದು ಹಾಕಿದ ಮೆಕ್ಕಲು ಮಣ್ಣಿನ ತಗ್ಗುಭೂಮಿ. ೧೯೭೦ನೆಯ ಇಸವಿ ನವೆಂಬರಿನಲ್ಲಿ, ಅದು ಇನ್ನೂ ಪೂರ್ವ ಪಾಕಿಸ್ತಾನವೆನಿಸಿದ್ದಾಗ, ಚಂಡಮಾರುತದೊಡನೆ ಎದ್ದ ಕಡಲು ಒಂದೇ ರಾತ್ರಿಯಲ್ಲಿ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನರನ್ನು ನುಂಗಿತು. ಮುನ್ಸೂಚನೆಯು ಜನರಿಗೆ ಸರಿಯಾಗಿ ಮುಟ್ಟಿರಲಿಲ್ಲ. ಮುಟ್ಟಿದವರಿಗೂ ಏರಿ ನಿಲ್ಲಲು ಎತ್ತರದ ತಾಣಗಳು ಸಾಲದಾಗಿದ್ದುವು. ಇದಾದ ಎರಡೇ ವರ್ಷಗಳಲ್ಲಿ, ರೆಡ್‌ಕ್ರಾಸ್ ಸಂಸ್ಥೆಯವರ ಸಹಾಯದಿಂದ, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ಸಿದ್ಧಪಡಿಸುವ ಕಾರ್ಯವು ಮೊದಲಾಯಿತು.

ಆದರೂ ೧೯೯೧ನೆಯ ಏಪ್ರಿಲಿನಲ್ಲಿ ಮತ್ತೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಮಡಿದರು. ಅವರಲ್ಲಿ ಸ್ತ್ರೀಯರೇ ಹೆಚ್ಚು. ಇದಕ್ಕೆ ಕಾರಣವನ್ನು ವಾಚಕರು, ಅದರಲ್ಲಿಯೂ ಗೃಹಿಣಿಯರು, ಗಮನಿಸಬೇಕು. ಕೆಲವರು ಯಜಮಾನನ ಅಪ್ಪಣೆಗಾಗಿ ಕಾದು ಕುಳಿತರು. ಕೆಲವರು ಪರಪುರುಷರ ಗುಂಪಿನಲ್ಲಿ ರಾತ್ರಿ ಕಳೆಯಲು ನಾಚಿದರು. ಹಸುವನ್ನೂ ಮೇಕೆಯನ್ನೂ ಬಿಟ್ಟು ಹೋಗಲು ಹಲವರಿಗೆ ಮನಸ್ಸಾಗಲಿಲ್ಲ. ಗಾಳಿಯ ಸುದ್ದಿ ಊರಿಗೆ ಬಂದರೆ ಸಾಲದು. ಅದು ಒಳಮನೆಗೂ ತಲುಪಬೇಕು, ಅಲ್ಲಿಂದ ಹೊರಡಲು ದಾರಿಯೂ ಇರಬೇಕು.

ಈ ಪಾಠವನ್ನು ಆ ಜನರು ಚೆನ್ನಾಗಿ ಕಲಿತರು. ಇಂದು ಅಲ್ಲಿನ ಎಪ್ಪತ್ತು ಸಾವಿರಕ್ಕೂ ಹೆಚ್ಚಿನ ಸ್ವಯಂಸೇವಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಸ್ತ್ರೀಯರು. ಅಪಾಯವು ಸಮೀಪಿಸಿದಾಗ ಧ್ವನಿವರ್ಧಕ ಹಿಡಿದು, ಬಾವುಟವೇರಿಸಿ, ಮನೆಮನೆಗೆ ಹೋಗಿ ವೃದ್ಧರನ್ನೂ ಬಸುರಿಯರನ್ನೂ ಕರೆತರುವವರು ಇವರೇ. ಕಂಬಗಳ ಮೇಲೆ ಎತ್ತರವಾಗಿ ಕಟ್ಟಿದ ಆಶ್ರಯಗೃಹಗಳಲ್ಲಿ ಅನೇಕವು ಬೇರೆ ದಿನಗಳಲ್ಲಿ ಪಾಠಶಾಲೆಗಳು. ಹೊಸದಾಗಿ ಕಟ್ಟಿದವುಗಳಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವಿಡುವ ಪದ್ಧತಿಯಿದೆ. ದನಕರುಗಳಿಗೆಂದು ಮಣ್ಣಿನ ದಿಬ್ಬಗಳನ್ನೂ ಎಬ್ಬಿಸಿರುವರು. ಅವಕ್ಕೆ ‘ಕಿಲ್ಲಾ’ ಎಂದು ಹೆಸರು. ೨೦೦೭ರ ‘ಸಿದ್ರ್’ ಎಂಬ ಘೋರ ಚಂಡಮಾರುತದಲ್ಲಿ ಸತ್ತವರು ಮೂರು ಸಾವಿರಕ್ಕೆ ಮೇಲ್ಪಟ್ಟು. ೨೦೨೦ರ ‘ಅಂಫಾನ್’ ಬಂದಾಗ ಇಪ್ಪತ್ತು ಲಕ್ಷಕ್ಕೂ ಅಧಿಕ ಜನರನ್ನು ಮೊದಲೇ ಆಶ್ರಯಕ್ಕೆ ಸೇರಿಸಿದ್ದರಿಂದ, ಆ ದೇಶದಲ್ಲಿ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಎಲ್ಲ ಗಾಳಿಗಳ ಬಲವೂ ಒಂದೇ ಅಲ್ಲವೆಂಬುದು ನಿಜ; ಆದರೂ ಲಕ್ಷಗಳು ಸಾವಿರಗಳಾಗಿ, ಸಾವಿರಗಳು ಹತ್ತುಗಳಾದುದು ಕೇವಲ ದೈವಯೋಗವಲ್ಲ.

ಪ್ರಾಣವೇನೋ ಉಳಿಯಿತು, ಬದುಕು ಉಳಿಯಬೇಡವೆ? ೨೦೦೯ರ ‘ಐಲಾ’ ಗಾಳಿಗೆ ಒಡ್ಡುಗಳೊಡೆದು ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ಕೆಲವೆಡೆ ಬಹುಕಾಲ ಇಳಿಯಲೇ ಇಲ್ಲ; ಜನರು ಒಡ್ಡಿನ ಮೇಲೆಯೇ ಗುಡಿಸಲು ಹಾಕಿಕೊಂಡಿದ್ದರು. ಸಮುದ್ರವು ಏರುತ್ತ ಬಂದಂತೆ ಸಿಹಿನೀರಿನ ಕೊಳಗಳೂ ಉಪ್ಪಾಗುತ್ತಿವೆ. ಒಂದು ಕೊಡ ಕುಡಿಯುವ ನೀರಿಗಾಗಿ ಹೆಂಗಸರು ದೂರ ನಡೆಯಬೇಕಾಗಿದೆ. ಮಳೆನೀರು ಹಿಡಿಯುವ ತೊಟ್ಟಿ, ಉಪ್ಪು ತಾಳುವ ಭತ್ತದ ತಳಿ, ಭದ್ರವಾದ ಒಡ್ಡು, ಇವೆಲ್ಲಕ್ಕೂ ಹಣ ಬೇಕು.

ಈ ಹಣವನ್ನು ಭಿಕ್ಷೆಯೆಂದು ಕರೆಯುವುದು ಸರಿಯಲ್ಲ. ಭೂಮಿಯ ಕಾವನ್ನೇರಿಸಿದ ಹೊಗೆಯು ಹೆಚ್ಚಾಗಿ ಸಿರಿವಂತ ದೇಶಗಳ ಕಾರ್ಖಾನೆ, ವಾಹನಗಳದು. ಹದಿನೇಳು ಕೋಟಿ ಜನರಿರುವ ಬಾಂಗ್ಲಾದೇಶದ ಪಾಲು ಇಂದಿಗೂ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ೨೦೨೦ರ ವೇಳೆಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರುಗಳನ್ನು ಬಡದೇಶಗಳಿಗೆ ಒದಗಿಸುವೆವೆಂದು ೨೦೦೯ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕೊಟ್ಟ ಮಾತು ನಡೆದುದು ೨೦೨೨ರಲ್ಲಿ. ಅದರಲ್ಲಿಯೂ ಬಹುಪಾಲು ಸಾಲರೂಪದ್ದು. ಆಗಿಹೋದ ನಷ್ಟಕ್ಕಾಗಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಲು ರಾಷ್ಟ್ರಗಳು ಅದೇ ೨೦೨೨ರಲ್ಲಿ ಈಜಿಪ್ಟಿನಲ್ಲಿ ಒಪ್ಪಿದುವು. ೨೦೨೪ರಲ್ಲಿ ಬಾಕು ನಗರದಲ್ಲಿ, ೨೦೩೫ರ ವೇಳೆಗೆ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ಡಾಲರುಗಳೆಂಬ ಹೊಸ ಮಾತು ಹೊರಟಿದೆ.

ಮಾತುಗಳ ಮೊತ್ತ ದೊಡ್ಡದು. ಅದನ್ನು ಅಳೆಯಬೇಕಾದುದು ಮಾತ್ರ ಹಳ್ಳಿಯ ಬಾಗಿಲಲ್ಲಿ: ಗಾಳಿಗೆ ಮೊದಲು ಅಲ್ಲಿಗೆ ಯಾರು ಬಂದರು, ಗಾಳಿ ನಿಂತ ಮೇಲೆ ಆ ಮನೆಯ ಕೊಡದಲ್ಲಿ ಸಿಹಿನೀರಿದೆಯೆ ಎಂದು ಕೇಳಿದರೆ, ಕೊಟ್ಟ ನೆರವು ಸಾರ್ಥಕವಾಯಿತೋ ಇಲ್ಲವೋ ತಿಳಿಯುವುದು.