ಕುಟುಂಬ ಮತ್ತು ಕಾನೂನು: ಅಂಗಡಿಯಲ್ಲಿ ಮೊದಲ ಸಲದ ಕಳವು



ಬಸವಣ್ಣನವರು ಬಾಳಿಗೆ ಹಾಕಿಕೊಟ್ಟ ಏಳು ಶೀಲಗಳಲ್ಲಿ ಮೊಟ್ಟಮೊದಲನೆಯದು ಕಳವಿನ ನಿಷೇಧ. ಕೊಲೆಗಿಂತಲೂ ಹುಸಿಗಿಂತಲೂ ಮುಂಚೆ ಅದನ್ನು ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಮಾತು ಬಂದ ಮಗುವಿಗೆ ಬಾಯಿಪಾಠ ಮಾಡಿಸುವ ವಚನಗಳಲ್ಲಿ ಅದೂ ಒಂದು. ಹೀಗಿರುವಾಗ, 'ನಿಮ್ಮ ಮಗ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದಿದ್ದಾನೆ' ಎಂಬ ದೂರವಾಣಿ ಕರೆಗೆ ಯಾವ ತಾಯ್ತಂದೆಗಳೂ ಸಿದ್ಧರಾಗಿರುವುದಿಲ್ಲ. ಸಿದ್ಧರಿಲ್ಲದವರು ಗಾಬರಿಯಲ್ಲಿ ಮಾಡುವ ಕೆಲಸಗಳಿಂದಲೇ ಸಣ್ಣ ತಪ್ಪು ದೊಡ್ಡ ಕೇಡಾಗುವುದುಂಟು. ಆದಕಾರಣ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆ 1927ರಷ್ಟು ಹಳೆಯದು. ಅಂದಿನ ಅಂಗಡಿಗಳಲ್ಲಿ ವ್ಯಾಪಾರಿಯೇ ಸರಕನ್ನು ಎತ್ತಿ ಕೊಡುತ್ತಿದ್ದ. ಇಂದು ಕಮರ್ಷಿಯಲ್ ಸ್ಟ್ರೀಟಿನಿಂದ ಇಂದಿರಾನಗರದ ನೂರಡಿ ರಸ್ತೆಯವರೆಗೆ, ಕಮ್ಮನಹಳ್ಳಿಯಿಂದ ಕೆ.ಆರ್. ಪುರದವರೆಗೆ ಗಿರಾಕಿಯೇ ಆರಿಸಿಕೊಳ್ಳುವ ಅಂಗಡಿಗಳು ತುಂಬಿವೆ. ಸರಕು ಕೈಗೆ ಹತ್ತಿರ, ಕ್ಯಾಮೆರಾದ ಕಣ್ಣು ತಲೆಯ ಮೇಲೆ. ಊರಿನಿಂದ ಓದಲು ಬಂದು ಪಿ.ಜಿ.ಗಳಲ್ಲಿ ಇರುವ ನಮ್ಮ ಮಕ್ಕಳು ಓಡಾಡುವುದು ಈ ಬೀದಿಗಳಲ್ಲಿಯೇ. ಗೆಳೆಯರ ಸವಾಲು, ಕೈಖಾಲಿಯ ಆಸೆ, ಯಾರೂ ನೋಡುತ್ತಿಲ್ಲವೆಂಬ ಭ್ರಮೆ, ಇವುಗಳಲ್ಲಿ ಒಂದೇ ಸಾಕು ಕೈ ಜಾರಲು.

ಹತ್ತೊಂಬತ್ತು ವರ್ಷದ ತರುಣನೊಬ್ಬ 1,200 ರೂಪಾಯಿಯ ಅಂಗಿಯನ್ನು ಚೀಲದಲ್ಲಿ ಬಚ್ಚಿಟ್ಟನೆಂದು ಭಾವಿಸೋಣ. ಬಾಗಿಲು ದಾಟಿದರೆ ಮಾತ್ರ ಕಳವು ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಕದಿಯುವ ಉದ್ದೇಶದಿಂದ, ಒಡೆಯನ ಒಪ್ಪಿಗೆಯಿಲ್ಲದೆ, ವಸ್ತುವನ್ನು ಇದ್ದ ಜಾಗದಿಂದ ಕದಲಿಸಿದರೆ ಸಾಕು, ಕಾನೂನಿನ ದೃಷ್ಟಿಯಲ್ಲಿ ಕಳವು ಪೂರ್ಣವಾಯಿತು. ಸಿಕ್ಕಿಬಿದ್ದ ಮೇಲೆ ಹಣ ಕೊಟ್ಟರೂ ಅಪರಾಧವು ತಾನಾಗಿಯೇ ಅಳಿಯುವುದಿಲ್ಲ.

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೆಯ ಕಲಮಿನ ಪ್ರಕಾರ ಕಳವಿಗೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಹಳೆಯ ಸಂಹಿತೆಯಲ್ಲಿ ಇಲ್ಲದಿದ್ದ ಒಂದು ದಯೆ ಇದರಲ್ಲಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದ್ದರೆ, ಶಿಕ್ಷೆಯು ಸಮುದಾಯ ಸೇವೆ ಮಾತ್ರ. ಎಂದರೆ, ಸಮಾಜಕ್ಕೆ ಪ್ರಯೋಜನವಾಗುವ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು. ಇಂತಹ ಪ್ರಕರಣದಲ್ಲಿ ಜಾಮೀನು ಆರೋಪಿಯ ಹಕ್ಕು. ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತೆಯೂ ಇಲ್ಲ.

ಇದನ್ನು ಓದಿ ಯಾರೂ ನಿಶ್ಚಿಂತರಾಗಬಾರದು. ಮೊದಲನೆಯದಾಗಿ, ಸಮುದಾಯ ಸೇವೆಯೂ ಶಿಕ್ಷೆಯೇ. ಅಪರಾಧಿಯೆಂಬ ತೀರ್ಪು ದಾಖಲೆಯಲ್ಲಿ ಉಳಿಯುತ್ತದೆ. ಎರಡನೆಯದಾಗಿ, ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷದಿಂದ ಐದು ವರ್ಷದವರೆಗಿನ ಕಠಿಣ ಸೆರೆವಾಸ ಮತ್ತು ದಂಡ. ಮೂರನೆಯದಾಗಿ, ಸರಕನ್ನು ಕಾಪಿಡುವ ಕಟ್ಟಡದಲ್ಲಿ ಆದ ಕಳವಿಗೆ 305ನೆಯ ಕಲಮು ಅನ್ವಯಿಸುತ್ತದೆ. ಅದರ ಶಿಕ್ಷೆ ಏಳು ವರ್ಷದವರೆಗೆ. ಐದು ಸಾವಿರದ ರಿಯಾಯಿತಿ ಅಲ್ಲಿಲ್ಲ. ಅಂಗಡಿಯ ಕಳವಿಗೆ ಇದನ್ನು ಹಚ್ಚುವ ಅವಕಾಶವಿರುವುದರಿಂದ, ದೂರಿನಲ್ಲಿ ಯಾವ ಕಲಮನ್ನು ನಮೂದಿಸಿದ್ದಾರೆಂದು ವಕೀಲರು ಮೊದಲು ನೋಡಬೇಕು.

ಎಳೆಯ ವಯಸ್ಸಿನವರನ್ನು ಉಳಿಸುವ ಇನ್ನೊಂದು ಕಾಯಿದೆ 1958ರಷ್ಟು ಹಿಂದೆಯೇ ಬಂದಿದೆ. ಅದು ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಹಿಂದೆ ಶಿಕ್ಷೆಯಾಗದವನನ್ನು ನ್ಯಾಯಾಲಯವು ಬುದ್ಧಿ ಹೇಳಿ ಬಿಡಬಹುದು, ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಇಪ್ಪತ್ತೊಂದು ವರ್ಷ ತುಂಬದವರ ವಿಷಯದಲ್ಲಂತೂ, ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ನೋಡದೆ, ಕಾರಣವನ್ನು ಬರೆದಿಡದೆ ಸೆರೆಮನೆಗೆ ಕಳುಹಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು 12ನೆಯ ಕಲಮು. ಹೀಗೆ ಬಿಡುಗಡೆಯಾದವನಿಗೆ, ಶಿಕ್ಷೆಯಾದವರಿಗೆ ಅಂಟುವ ಅನರ್ಹತೆಗಳು ಅಂಟುವುದಿಲ್ಲ. ಈ ಪ್ರಯೋಜನವನ್ನು ವಕೀಲರು ಬಾಯಿಬಿಟ್ಟು ಕೇಳಬೇಕು. 'ಒಪ್ಪಿಕೊಂಡು ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತದೆ' ಎಂಬ ಸಲಹೆಯನ್ನು ಕೇಳಿ ಸಹಿ ಮಾಡಿದವನು, ಮುಗಿಯಿತೆಂದುಕೊಂಡದ್ದು ಅಂದೇ ಆರಂಭವಾಯಿತೆಂಬುದನ್ನು ಉದ್ಯೋಗದ ಅರ್ಜಿ ತುಂಬುವಾಗ ಅರಿಯುತ್ತಾನೆ. 303ನೆಯ ಕಲಮಿನ ಕಳವಿನಲ್ಲಿ ಅಂಗಡಿಯ ಒಡೆಯರು ಒಪ್ಪಿದರೆ ರಾಜಿಗೂ ಅವಕಾಶವಿದೆ. ಕ್ರಮಬದ್ಧವಾದ ರಾಜಿಯು ಆರೋಪಿಯನ್ನು ಖುಲಾಸೆ ಮಾಡಿದಂತೆಯೇ.

ಹದಿನೆಂಟು ತುಂಬದ ಮಕ್ಕಳ ವಿಚಾರವೇ ಬೇರೆ. ಅವರು 2015ರ ಬಾಲನ್ಯಾಯ ಕಾಯಿದೆಗೆ ಸೇರಿದವರು. ಅವರನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ, ಅವರ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಪ್ರಕಟಿಸುವಂತಿಲ್ಲ.

ಇನ್ನು ಅಂಗಡಿಯೊಳಗಿನ ಮಾತು. ಕಾನೂನು ಖಾಸಗಿಯವರಿಗೆ ಹಿಡಿಯುವ ಅಧಿಕಾರ ಕೊಟ್ಟಿರುವುದು, ತಮ್ಮ ಕಣ್ಣೆದುರು ನಡೆದ, ವಾರಂಟ್ ಬೇಡದ, ಜಾಮೀನು ಹಕ್ಕಲ್ಲದ ಅಪರಾಧಗಳಲ್ಲಿ ಮಾತ್ರ. ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವುದು, ಕೋಣೆಯಲ್ಲಿ ಕೂಡಿಹಾಕಿ ಹತ್ತು ಪಟ್ಟು ಹಣ ಕೀಳುವುದು ಇವುಗಳಿಗೆ ಯಾವ ಕಾನೂನಿನ ಬೆಂಬಲವೂ ಇಲ್ಲ. ಇವು ತಾವೇ ಅಪರಾಧಗಳು. ಪೊಲೀಸರು ಬಂಧಿಸಿದರೆ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕು. ಹೆಣ್ಣುಮಕ್ಕಳನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ, ಅಸಾಧಾರಣ ಸಂದರ್ಭವಿಲ್ಲದೆ ಬಂಧಿಸಬಾರದು. ಸ್ತ್ರೀಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 15100.

ಮುಂದಿನ ಬದುಕಿನ ಮೇಲೆ ಇದರ ನೆರಳು ಎಷ್ಟು ಉದ್ದ? 1967ರ ಪಾಸ್‌ಪೋರ್ಟ್ ಕಾಯಿದೆಯಂತೆ, ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿರುವಾಗ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಹೊರದೇಶದಲ್ಲಿ ಓದುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಕಳವಿನಂತಹ ಅಪರಾಧದಿಂದ ವೀಸಾ ರದ್ದಾಗಬಹುದು, ಮುಂದೆಂದೂ ವೀಸಾ ಸಿಗದಂತಾಗಬಹುದು ಎಂದು ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ 2025ರ ಜುಲೈನಲ್ಲಿ ಬಹಿರಂಗವಾಗಿಯೇ ಎಚ್ಚರಿಸಿತು.

ಸರ್ಕಾರಿ ಉದ್ಯೋಗದ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ನೆನೆಯಬೇಕು. 2011ರಲ್ಲಿ ದೆಹಲಿ ಪೊಲೀಸ್ ಹುದ್ದೆಯ ಅಭ್ಯರ್ಥಿಯೊಬ್ಬನ ಹೊಡೆದಾಟದ ಹಳೆಯ ಪ್ರಕರಣವನ್ನು ವಿಚಾರಿಸಿದಾಗ, ಎಳೆಯರ ಸಣ್ಣ ತಪ್ಪುಗಳನ್ನು ಕ್ಷಮಿಸಬೇಕೇ ಹೊರತು ಬಾಳಿಡೀ ಅಪರಾಧಿಗಳೆಂದು ಮುದ್ರೆಯೊತ್ತಬಾರದೆಂದು ನ್ಯಾಯಾಲಯವು ಹೇಳಿತು. ಹಸಿದವರಿಗಾಗಿ ರೊಟ್ಟಿ ಕದ್ದು ಕಳ್ಳನೆಂಬ ಹೆಸರನ್ನು ಹೊತ್ತ, ವಿಕ್ಟರ್ ಹ್ಯೂಗೋನ ಕಾದಂಬರಿಯ ಜೀನ್ ವಾಲ್ಜೀನನನ್ನು ತೀರ್ಪಿನಲ್ಲಿಯೇ ಸ್ಮರಿಸಿತು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕ್ಷುಲ್ಲಕ ಪ್ರಕರಣವನ್ನು ಮನ್ನಿಸುವ ವಿವೇಚನೆ ಉದ್ಯೋಗದಾತರಿಗಿದೆ. ಆದರೆ ಅರ್ಜಿಯಲ್ಲಿ ಕೇಳಿದ ಮಾಹಿತಿಯನ್ನು ಅಭ್ಯರ್ಥಿ ನಿಜವಾಗಿ ಹೇಳಲೇಬೇಕು, ಮುಚ್ಚಿಟ್ಟರೆ ಅದೇ ನೌಕರಿಗೆ ಎರವಾಗಬಹುದು. ಮೊದಲ ಶೀಲ ತಪ್ಪಿದವನು ಮೂರನೆಯದನ್ನೂ ತಪ್ಪಬಾರದು. ಕದ್ದವನು ಹುಸಿಯನ್ನು ನುಡಿದರೆ ಕೇಡು ಇಮ್ಮಡಿ.

ತಾಯ್ತಂದೆಗಳಲ್ಲಿ ಬಿನ್ನಹ ಇಷ್ಟೇ. ಕರೆ ಬಂದೊಡನೆ ತಡಮಾಡದೆ ಹೋಗಿರಿ, ಒಬ್ಬ ವಕೀಲರನ್ನು ಕರೆದುಕೊಂಡು ಹೋಗಿರಿ. ನಾಲ್ಕು ಜನರೆದುರು ಮಗುವನ್ನು ಹೊಡೆಯಬೇಡಿರಿ, ಮನೆಯಿಂದ ಹೊರಗೆ ಹಾಕಬೇಡಿರಿ. ವಸ್ತುವನ್ನು ಹಿಂದಿರುಗಿಸಿ, ಅದಕ್ಕೆ ರಸೀತಿ ಪಡೆಯಿರಿ. ಲಂಚ ಕೊಟ್ಟು ಕಾಗದ ಹರಿಸಲು ಹೋಗಬೇಡಿರಿ. ಅದು ಮತ್ತೊಂದು ಅಪರಾಧ. ಕಳವು ಪದೇ ಪದೇ ನಡೆಯುತ್ತಿದ್ದರೆ ಅದು ಮನಸ್ಸಿನ ರೋಗವೂ ಇರಬಹುದು. ನಿಮ್ಹಾನ್ಸ್‌ನಂತಹ ಆಸ್ಪತ್ರೆಯ ವೈದ್ಯರನ್ನು ಕಾಣಲು ನಾಚಬೇಡಿರಿ. ಒಡಹುಟ್ಟಿದವರಾಗಲಿ ನೆಂಟರಾಗಲಿ ಈ ಮಾತನ್ನು ಮದುವೆಮನೆಗಳಲ್ಲಿ ಹರಡದಿರಲಿ.

ಶರಣರ ಚರಿತ್ರೆಯನ್ನು ಓದಿದವರಿಗೆ ಇದು ಹೊಸತಲ್ಲ. ಕನ್ನದ ಮಾರಿತಂದೆ ಕನ್ನ ಕೊರೆಯುತ್ತಿದ್ದವನು. ಉರಿಲಿಂಗಪೆದ್ದಿ ಕದಿಯಲು ಹೋದ ಮನೆಯಲ್ಲಿ ದೀಕ್ಷೆಯನ್ನು ಕಂಡು ಮನಸ್ಸು ತಿರುಗಿಸಿಕೊಂಡನೆಂದು ಪರಂಪರೆ ಹೇಳುತ್ತದೆ. ಇಬ್ಬರೂ ವಚನಕಾರರಾದರು, ಇಬ್ಬರನ್ನೂ ಶರಣರೆಂದೇ ನಾವು ಪೂಜಿಸುತ್ತೇವೆ. ಕಲ್ಯಾಣವು ಅವರ ಹಿಂದಿನ ಕಸುಬನ್ನು ಕೇಳಿ ಬಾಗಿಲು ಮುಚ್ಚಲಿಲ್ಲ. ಕಾಯಕವನ್ನು ಕೊಟ್ಟು ಒಳಗೆ ಕರೆಯಿತು. ಸಂಬಳವಿಲ್ಲದ ಸಮುದಾಯ ಸೇವೆಯನ್ನು ವಿಧಿಸುವ ಇಂದಿನ ಕಾನೂನು ಅದೇ ದಾರಿಯಲ್ಲಿ ಒಂದು ಹೆಜ್ಜೆಯನ್ನು ಇಟ್ಟಿದೆ. ಉಳಿದ ಹೆಜ್ಜೆಗಳನ್ನು ಇಡಬೇಕಾದುದು ಮನೆಯವರು.