ನೀರು ಬೇಡ ಅಂತಲ್ಲ ಕೋರ್ಟಿಗೆ ಹೋಗಿದ್ದು

'ಬರೋ ನೀರನ್ನ ಕೋರ್ಟಿಗೆ ಹೋಗಿ ನಿಲ್ಲಿಸಿದ್ರು' ಅನ್ನೋ ಮಾತು ನಮ್ಮ ಕಡೆ ಇನ್ನೂ ಕೇಳಿಬರುತ್ತೆ. ನಾನು ಒಪ್ಪಲ್ಲ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೇಲಿ ನೊರೆ ಎದ್ದಾಗ ಕೆ.ಸಿ. ವ್ಯಾಲಿ ನೀರಿಗೆ ಹೈಕೋರ್ಟ್ ತಡೆ ಕೊಡ್ತು, ಸೆಪ್ಟೆಂಬರ್‌ನಲ್ಲಿ ಅದೇ ತೆಗೀತು. ಸುಪ್ರೀಂ ಕೋರ್ಟಲ್ಲೂ ಹಾಗೇ: 2019ರ ಜನವರಿಯಲ್ಲಿ ತಡೆ, ಏಪ್ರಿಲ್‌ನಲ್ಲಿ ತೆರವು.

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು ಸರ್ಕಾರವನ್ನ ಪ್ರಶ್ನೆ ಮಾಡಬಹುದು, ತಡೀಬಹುದು, ಮಾಡಬೇಕಾದ ಕೆಲಸ ಮಾಡು ಅನ್ನಬಹುದು. ನಮ್ಮ ಕೆರೆ ನೀರು ಹೇಗಿದೆ ಅಂತ ತೋರಿಸೋ ದಾಖಲೆ ಮಾತ್ರ ನಾವೇ ಕೊಡಬೇಕು. ಬೆಂಗಳೂರಿನ ಎರಡು ಹಂತ ಶುದ್ಧ ಮಾಡಿದ ನೀರೇ ಎಚ್.ಎನ್. ವ್ಯಾಲಿಯಿಂದ ನಮ್ಮ ಜಿಲ್ಲೆ ಕೆರೆಗಳಿಗೂ ಬಂದಿರೋದು. ಮೂರನೇ ಹಂತ ಕೇಳೋರು ಬೋರ್‌ವೆಲ್ ನೀರನ್ನ ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಟ್ಟು ರಿಪೋರ್ಟ್ ಎತ್ತಿಡಿ. ದ್ರಾಕ್ಷಿ ತೋಟದವರು, ಹಿಪ್ಪುನೇರಳೆಯವರು ಮೊದಲು ಶುರು ಮಾಡಿ.